ಊರ ಅಳಿಯ ‘ಇಲ್ಲ’ ಎಂದದ್ದು

ನನ್ನ ಗಂಡನಿಗೆ ಒಂದು ಪ್ರಶ್ನೆ ಕೇಳಿದರೆ ಒಂದು ಉತ್ತರ ಬರುವುದಿಲ್ಲ. ‘ಅದ, ಆದ್ರ...’ ಎಂದು ಶುರುವಾಗುತ್ತದೆ. ಫ್ರಿಜ್ಜಿನಲ್ಲಿ ಹಾಲು ಇದೆಯೇ ಎಂದು ಅಡುಗೆಮನೆಯಿಂದ ಕೂಗಿ ಕೇಳಿದರೆ, “ಅದ, ಆದ್ರ ನಿನ್ನೆ ಮುಂಜಾನಿದು. ಕಾಸಿದ್ರ ಒಡೀಬಹುದು, ಒಡೀದನೂ ಇರಬಹುದು” ಎನ್ನುತ್ತಾರೆ. ನನಗೆ ಬೇಕಾದದ್ದು ಚಹಾಕ್ಕೆ ಹಾಲು. ಅವರು ಕೊಡುವುದು ಹಾಲಿನ ಪೂರ್ತಿ ಚರಿತ್ರೆ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಕಲಬುರಗಿಯ ಖೂಬಾ ಪ್ಲಾಟ್‌ನ ನಮ್ಮ ಮನೆಯ ಮುಂದೆ ಹಾದುಹೋಗುವ ಹಳೆಯ ವಿದ್ಯಾರ್ಥಿಗಳು ಗಾಡಿ ನಿಲ್ಲಿಸಿ, “ಸರ್ ಹಂಗ ಯಾರೂ ಕಲಸ್ಲಿಲ್ರಿ” ಎಂದು ನನ್ನೆದುರು ಹೊಗಳಿ ಹೋಗುತ್ತಾರೆ. ಅವರಿಗೇನು, ಗಂಟೆ ಹೊಡೆದ ಕೂಡಲೇ ಎದ್ದು ಹೋದವರು. ನನಗೆ ಗಂಟೆ ಹೊಡೆಯುವವರು ಯಾರೂ ಇಲ್ಲ.

ನನ್ನ ತವರು ಕಮಲಾಪುರ. ಕಲಬುರಗಿಯಿಂದ ಬಸ್ಸು ಹತ್ತಿ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಬರುವ ಊರು. ನಮ್ಮ ಊರಿನ ಹೆಸರು ಹೇಳಿದರೆ ಜನ ಮೊದಲು ನೆನೆಸುವುದು ಕೆಂಪು ಬಾಳೆಹಣ್ಣನ್ನು. ಅಪ್ಪನ ಕಾಲದ ತೋಟವನ್ನು ಈಗ ನನ್ನ ತಮ್ಮ ನೋಡಿಕೊಳ್ಳುತ್ತಾನೆ. ಈ ಬಾಳೆಯಷ್ಟು ನಿಧಾನದ ಬೆಳೆ ಇನ್ನೊಂದಿಲ್ಲ. ಕಂದು ಹಚ್ಚಿ, ನೀರು ಬಿಟ್ಟು, ಗಾಳಿಗೆ ಬೀಳದಂತೆ ಬಡಿಗೆ ಊರಿ, ವರ್ಷ ಕಳೆದು ಮತ್ತೂ ಆರು ತಿಂಗಳು ದಾರಿ ನೋಡಿದರೆ ಒಂದು ಗೊನೆ ಕೈಗೆ ಬರುತ್ತದೆ. ಬೇರೆ ಕಡೆ ಹಚ್ಚಿದರೆ ಬಣ್ಣ ಬಂದೀತು, ಈ ರುಚಿ ಬರುವುದಿಲ್ಲ ಎಂದು ನಮ್ಮವರಿಗೆ ಜಂಬ. ನನಗೂ ಆ ಜಂಬ ಇದೆ. ಯಾರಾದರೂ ಬೇರೆ ಊರಿನ ಕೆಂಪು ಬಾಳೆ ತಂದುಕೊಟ್ಟರೆ ಸುಮ್ಮನೆ ತಿಂದು, ‘ಚೊಲೋ ಅದ’ ಎಂದು ಹೇಳಿ, ಮನಸ್ಸಿನಲ್ಲೇ ಫೇಲು ಮಾಡುತ್ತೇನೆ.

ಈ ತೋಟಕ್ಕೂ ಅಣು ವಿದ್ಯುತ್ತಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಏನೂ ಇರಲಿಲ್ಲ. ಸಂಬಂಧ ಕಲ್ಪಿಸಿದ ಪುಣ್ಯಾತ್ಮರು ನನ್ನ ಯಜಮಾನರೇ.

ದೇಶದಲ್ಲಿ ಅಣು ವಿದ್ಯುತ್ ಸ್ಥಾವರಗಳನ್ನು ಹೆಚ್ಚು ಮಾಡುತ್ತಾರಂತೆ ಎಂಬ ಸುದ್ದಿ ಪೇಪರಿನಲ್ಲಿ ಬರತೊಡಗಿದ ದಿನಗಳವು. ನಮ್ಮ ಮನೆಯಲ್ಲಿ ಅದನ್ನು ದಿನಾ ಬೆಳಿಗ್ಗೆ ಗಟ್ಟಿಯಾಗಿ ಓದಲಾಗುತ್ತಿತ್ತು. ನಾನು ಜೋಳದ ಹಿಟ್ಟು ನಾದುತ್ತ ಯುರೇನಿಯಂ ಕೇಳುತ್ತಿದ್ದೆ. ಅಷ್ಟರಲ್ಲಿ ಒಂದು ದಿನ ಯಾರೋ ಸರ್ವೆಯವರು ಕಮಲಾಪುರದ ಕಡೆ ಬಂದು, ಮೂರು ಕಾಲಿನ ದುರ್ಬೀನು ನಿಲ್ಲಿಸಿ, ಹೊಲಗಳಲ್ಲಿ ಅಲ್ಲೊಂದು ಇಲ್ಲೊಂದು ಗೂಟ ಬಡಿದು, ಒಂದೆರಡು ಕಡೆ ನೆಲ ಕೊರೆದು ಹೋದರು. ಯಾಕೆ ಬಂದಿರಿ ಎಂದು ಕೇಳಿದವರಿಗೆ ‘ಮ್ಯಾಲಿನವರು ಹೇಳ್ಯಾರ’ ಎಂಬ ಉತ್ತರ ಸಿಕ್ಕಿತು. ಒಂದು ಗೂಟ ನನ್ನ ತಮ್ಮನ ತೋಟದ ಬದುವಿನ ಮೇಲೇ ಇತ್ತು.

ಗೂಟ ಬಿದ್ದ ಮೇಲೆ ಬಾಯಿಗೊಂದು ಮಾತು. ಮನೆಗೊಂದು ನೌಕರಿ ಕೊಡುತ್ತಾರಂತೆ ಎಂದು ಒಬ್ಬರು, ಕರೆಂಟು ಪುಕ್ಕಟೆಯಂತೆ ಎಂದು ಇನ್ನೊಬ್ಬರು, ಊರು ಎತ್ತಿಸುತ್ತಾರಂತೆ ಎಂದು ಮತ್ತೊಬ್ಬರು, ಹುಟ್ಟುವ ಕೂಸುಗಳಿಗೆ ಕೈಕಾಲು ನೆಟ್ಟಗೆ ಇರುವುದಿಲ್ಲವಂತೆ ಎಂದು ನೀರಿನ ಟ್ಯಾಂಕಿನ ಹತ್ತಿರದ ಹೆಂಗಸರು. ಯಾರಿಗೂ ಏನೂ ಗೊತ್ತಿರಲಿಲ್ಲ. ಗೊತ್ತಿದ್ದವರು ಹೇಳಲು ಬರಲಿಲ್ಲ. ನನಗೆ ಮೈ ಉರಿಯುತ್ತಿದ್ದದ್ದು ಇದಕ್ಕೇ. ಒಬ್ಬ ಮನುಷ್ಯನ ಬದುವಿನ ಮೇಲೆ ಗೂಟ ಬಡಿಯುವವರು ಅವನ ಮನೆಗೆ ಬಂದು ಒಂದು ಲೋಟ ನೀರು ಕುಡಿದು, ಹಿಂಗಿಂಗ ನೋಡಪ್ಪ ಎಂದು ಹೇಳಬೇಕೋ ಬೇಡವೋ?

ತಮ್ಮನ ಮನಸ್ಸು ಎರಡೂ ಕಡೆ ಜಗ್ಗುತ್ತಿತ್ತು. ಅವನಿಗೆ ಕರೆಂಟು ಬೇಕು. ಪಂಪ್‌ಸೆಟ್ಟಿಗೆ ಬೇಕಾದ ತ್ರೀ ಫೇಸ್ ಕರೆಂಟು ತನಗೆ ತಿಳಿದಾಗ ಬಂದು ತಿಳಿದಾಗ ಹೋಗುತ್ತದೆ. ಬಂದರೂ ವೋಲ್ಟೇಜು ಇರುವುದಿಲ್ಲ. ಮೋಟಾರು ಸುಟ್ಟು, ಟ್ರಾನ್ಸ್‌ಫಾರ್ಮರು ಸುಟ್ಟು, ಅದನ್ನು ಬದಲಿಸಿಕೊಡಿ ಎಂದು ಅಲೆದು ಅವನ ಚಪ್ಪಲಿ ಸವೆದಿವೆ. ಏಪ್ರಿಲ್ ಬಿಸಿಲಿಗೆ ಬಾಳೆ ಎಲೆ ಜೋತುಬಿದ್ದಾಗ ಅವನು ಮೋಟಾರಿನ ಮನೆಯ ಮುಂದೆ ಕುಳಿತು ಕರೆಂಟಿನ ದಾರಿ ಕಾಯುವುದನ್ನು ನೋಡಿದರೆ ಕರುಳು ಚುರ್ ಎನ್ನುತ್ತದೆ. ಹಾಗೆಂದು ತೋಟ ಹೋಗಿ ಕರೆಂಟು ಬಂದರೆ ಆ ಕರೆಂಟನ್ನು ಎಲ್ಲಿ ಹಚ್ಚುವುದು? “ಅಕ್ಕ, ನನಗ ಬ್ಯಾಡ ಅನ್ಲಿಕ್ಕೂ ಗೊತ್ತಾಗವಲ್ದು, ಬೇಕು ಅನ್ಲಿಕ್ಕೂ ಗೊತ್ತಾಗವಲ್ದು” ಎಂದು ಫೋನಿನಲ್ಲಿ ಹೇಳಿದ.

ಊರಿನ ಹುಡುಗರು ಒಂದು ಸಭೆ ಮಾಡುವುದೆಂದು ನಿಶ್ಚಯಿಸಿ ನಮ್ಮ ಮನೆಗೆ ಬಂದರು. ಭಾಷಣಕ್ಕೆ ಇವರೇ ಬೇಕೆಂದು ಹಟ. ಯಾಕೆಂದರೆ ಇವರು ವಿಜ್ಞಾನ ಬಲ್ಲವರು. ಅದಕ್ಕಿಂತ ಹೆಚ್ಚಾಗಿ ಊರ ಅಳಿಯ. ನಮ್ಮ ಕಡೆ ಒಂದು ಮನೆಯ ಅಳಿಯ ಇಡೀ ಊರಿಗೆ ಅಳಿಯ. ಅವನನ್ನು ಸಭೆಗೆ ಕರೆದರೆ ಹೆಗಲಿಗೆ ಟವೆಲ್ಲು ಹಾಕಿ, ಕೈಗೆ ಕಾಯಿ ಕೊಟ್ಟು, ಮೇಲೆ ಕೂರಿಸುತ್ತಾರೆ. ಅವನ ಮಾತನ್ನು ನಡುವೆ ಯಾರೂ ಕಡಿಯುವುದಿಲ್ಲ, ನಗುವುದಿಲ್ಲ. ಅಳಿಯನೂ ಬರುವುದಿಲ್ಲ ಎನ್ನುವಂತಿಲ್ಲ. “ಹೊರಗಿನವರು ಹೇಳಿದ್ರ ಯಾರು ನಂಬ್ತಾರ್ರೀ ಸರ್? ನೀವು ನಮ್ಮವರು, ಸುಳ್ಳ ಹೇಳೂದಿಲ್ಲ” ಎಂದರು ಹುಡುಗರು. ಯಜಮಾನರ ಮುಖ ಮದುವೆಯ ದಿನ ಅರಳಿದ್ದಕ್ಕಿಂತ ಹೆಚ್ಚು ಅರಳಿತು.

“ಎರಡ ಮಾತ ಹೇಳಿ ಕೂಡ್ರಿ. ನಿಮ್ಮ ಪುರಾಣ ಬಿಚ್ಚಬ್ಯಾಡ್ರಿ” ಎಂದು ನಾನು ಬಸ್ಸಿನಲ್ಲೇ ಹೇಳಿದೆ.

“ಹೇಳ್ತೇನಿ. ಆದ್ರ ಎರಡ ಮಾತಿನ್ಯಾಗ ಮುಗಿಯೋ ವಿಷಯ ಅಲ್ಲ ಇದು” ಎಂದರು.

ಒಳ್ಳೆಯ ಭಾಷಣ. ಸಿಟ್ಟಿದ್ದರೂ ಈ ಮಾತು ಹೇಳಲೇಬೇಕು. ನಾನು ಹೆಂಗಸರ ಸಾಲಿನಲ್ಲಿ ಕುಳಿತು ಕೇಳಿದೆ, ನನಗೂ ಎಲ್ಲ ತಿಳಿಯಿತು. “ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡಿದ್ರ ಹೊಗಿ, ಬೂದಿ ಮಕ್ಕಳ ಎದಿಯಾಗ ಹೋಗ್ತದ. ಅಣು ಸ್ಥಾವರದಾಗ ಆ ಹೊಗಿ ಇಲ್ಲ. ಚೂರು ಇಂಧನಕ್ಕ ಭಾಳ ಕರೆಂಟ್ ಬರ್ತದ, ಹಗಲು ರಾತ್ರಿ ಒಂದೇ ಸಮ ಬರ್ತದ. ಇದು ಖರೇ. ಆದ್ರ ಬಳಸಿದ ಮ್ಯಾಲ ಉಳಿಯೋ ಕಸ ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಕಾಲಕ್ಕೂ ಆರೂದಿಲ್ಲ. ಅದನ್ನ ಎಲ್ಲಿ ಇಡ್ತೀರಿ ಅಂತ ಕೇಳ್ರಿ. ನೀರು ಭಾಳ ಬೇಕು. ಬ್ಯಾಸಗ್ಯಾಗ ಕುಡಿಯೋ ನೀರಿಗೇ ಕೊಡ ಸಾಲು ಹಚ್ಚೋ ನಮ್ಮ ಕಡಿ, ಆ ನೀರು ಎಲ್ಲಿಂದ ತರ್ತೀರಿ ಅಂತ ಕೇಳ್ರಿ. ಅಪಘಾತ ಆಗೂದು ಭಾಳ ಅಪರೂಪ. ಒಮ್ಮಿ ಆತಂದ್ರ ಮಾತ್ರ ಊರು ಬಿಡಬೇಕಾಗ್ತದ. ಇದೂ ಖರೇ.” ಜನ ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಪುಣ್ಯ ದೊಡ್ಡದಿತ್ತು.

ನನ್ನ ಹಿಂದಿನಿಂದ ಒಬ್ಬ ಮುದುಕಿ, ಈ ವಿಕಿರಣ ಎಂದರೆ ಏನು, ಅದು ಗಾಳಿಯೋ ದೆವ್ವವೋ ಎಂದು ಕೇಳಿದಳು. ಯಜಮಾನರಿಗೆ ಉದಾಹರಣೆ ಬೇಕಾಯಿತು. ಕಾಲೇಜಿನಲ್ಲಿ ಮೇಜಿನ ಮೇಲೆ ಏನಿರುತ್ತದೋ ಅದನ್ನೇ ಎತ್ತಿ ತೋರಿಸಿ ಪಾಠ ಮಾಡಿದ ಅಭ್ಯಾಸ: ಸೀಮೆಸುಣ್ಣ, ಡಸ್ಟರು, ಯಾರದೋ ಛತ್ರಿ. ಅಂದು ಮೇಜಿನ ಮೇಲೆ ಅತಿಥಿಗಳಿಗೆಂದು ತಟ್ಟೆಯಲ್ಲಿ ಕೆಂಪು ಬಾಳೆಹಣ್ಣು ಇಟ್ಟಿದ್ದರು. ನನ್ನ ತಮ್ಮನ ತೋಟದ್ದೇ. ಒಂದನ್ನು ಕಿತ್ತು ಎತ್ತಿ ಹಿಡಿದು ದನಿ ಏರಿಸಿ ಹೇಳಿದರು: “ದೆವ್ವ ಅಲ್ಲವ್ವ. ಈ ನಮ್ಮ ಕಮಲಾಪುರದ ಕೆಂಪು ಬಾಳಿಹಣ್ಣಿನ್ಯಾಗೂ ವಿಕಿರಣ ಅದ!”

ಸಭೆಯಲ್ಲಿ ಗುಜುಗುಜು ಎದ್ದಿತು. ಅಷ್ಟು ಹೊತ್ತು ಜೇಬಿನಲ್ಲಿದ್ದ ಮೊಬೈಲುಗಳೆಲ್ಲ ಹೊರಗೆ ಬಂದಿದ್ದನ್ನು ನಾನು ಕಣ್ಣಾರೆ ಕಂಡೆ. ಮುಂದೆ ಅವರು, “ಆದ್ರ ಎಷ್ಟು ಅದ? ಇದ್ದೂ ಇಲ್ಲದಷ್ಟು. ದಿನಾ ತಿಂದ್ರೂ ಏನೂ ಆಗೂದಿಲ್ಲ. ಅದಕ್ಕ, ಅದನೋ ಇಲ್ಲೋ ಅಂತ ಕೇಳಬ್ಯಾಡ್ರಿ, ಎಷ್ಟು ಅದ ಅಂತ ಕೇಳೂದು ಕಲೀರಿ” ಎಂದದ್ದು ಮುಂದಿನ ಸಾಲಿನಲ್ಲಿದ್ದ ನನ್ನ ತಮ್ಮನಂಥ ನಾಲ್ಕು ಮಂದಿಗೆ ಕೇಳಿಸಿತು. ಅವನು ತಲೆದೂಗಿದ. ಉಳಿದವರು ತಟ್ಟೆಯ ಕಡೆ ನೋಡುತ್ತಿದ್ದರು. ಕಾರ್ಯಕ್ರಮ ಮುಗಿದ ಮೇಲೂ ಆ ತಟ್ಟೆ ಖಾಲಿಯಾಗಲಿಲ್ಲ. ನಮ್ಮ ಊರಿನಲ್ಲಿ ಹಾಗೆ ಎಂದೂ ಆದದ್ದಿಲ್ಲ.

ನಾವು ಕಲಬುರಗಿಯ ಬಸ್ಸು ಇಳಿಯುವ ಮೊದಲೇ ಆ ತುಣುಕು ನನ್ನ ಫೋನಿಗೆ ಬಂದಿತ್ತು. ಕಳಿಸಿದವಳು ನಮ್ಮ ಓಣಿಯ ಭಜನಾ ಗುಂಪಿನಾಕೆ. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಬಾಳೆಹಣ್ಣು, ‘ಕೆಂಪು ಬಾಳಿಹಣ್ಣಿನ್ಯಾಗೂ ವಿಕಿರಣ ಅದ!’ ಅಲ್ಲಿಗೆ ಮುಗಿಯಿತು. ‘ಆದ್ರ’ ಎನ್ನುವುದಕ್ಕೆ ಬಾಯಿ ತೆರೆದದ್ದು ಕಾಣುತ್ತದೆ, ದನಿ ಇಲ್ಲ. ಕೆಳಗೆ ಬರೆದಿದ್ದರು: ‘ಎಲ್ಲರಿಗೂ ಕಳಿಸಿ, ಮಕ್ಕಳನ್ನು ಉಳಿಸಿ.’ ಜೀವನಪೂರ್ತಿ ‘ಆದ್ರ’ ಹೇಳಿ ನನ್ನ ತಲೆ ತಿಂದ ಮನುಷ್ಯ, ಅದು ಬೇಕಾದ ಒಂದೇ ಒಂದು ಹೊತ್ತಿನಲ್ಲಿ ಅದನ್ನು ಹೇಳದೆ ಹೋದವರಂತೆ ಕಂಡರು. ನನಗೆ ನಗಬೇಕೋ ಅಳಬೇಕೋ ತಿಳಿಯದೆ ಮೊಬೈಲು ಅವರ ತೊಡೆಯ ಮೇಲೆ ಒಗೆದೆ.

“ಇದು ಅರ್ಧಕ್ಕ ಕಡದಾರ” ಎಂದರು.

“ಕಡೀದೆ ಇನ್ನೇನು ಮಾಡ್ತಾರ? ನಿಮ್ಮ ಮಾತು ಪೂರ್ತಿ ಹಾಕಿದ್ರ ಯಾರ ಮೊಬೈಲ್‌ನ್ಯಾಗ ಹಿಡೀತದ?”

ತೋಟದಲ್ಲಿ ಗೊನೆಗಳು ಬಲಿತು ಕಟಾವಿಗೆ ಬಂದಿದ್ದವು. ಕಲಬುರಗಿಯ ದರ್ಗಾದಲ್ಲಿ ಉರುಸಿನ ಜಾತ್ರೆಯ ದಿನಗಳು ಹತ್ತಿರವಿದ್ದವು. ಅಲ್ಲಿನ ರೋಜಾ ಓಣಿಯಲ್ಲಿ ದರ್ಗಾದ ದಾರಿಯ ಒಬ್ಬ ಹಣ್ಣಿನ ವ್ಯಾಪಾರಿ ಪ್ರತಿ ವರ್ಷ ತಮ್ಮನ ಗೊನೆಗಳನ್ನು ಮರದಲ್ಲಿದ್ದಾಗಲೇ ಮಾತಾಡಿಕೊಂಡು ಹೋಗುತ್ತಿದ್ದ. ಆ ವರ್ಷ ಅವನಿಂದ ಫೋನು ಬರಲಿಲ್ಲ. ತಮ್ಮ ಕೇಳಲು ಸಂಕೋಚಪಟ್ಟ. ನಾನೇ ಹೋದೆ. ನನ್ನನ್ನು ಕಂಡು ಆತ ಸ್ಟೂಲು ಹಾಕಿಸಿ ಕೂರಿಸಿ, ಹಣ್ಣಿನ ರಾಶಿಯ ಮೇಲೆ ಸುಮ್ಮನೆ ನೀರು ಚಿಮುಕಿಸುತ್ತ ನಿಂತ.

“ಅಕ್ಕಾ, ನನಗೇನೂ ಶಕ್ ಇಲ್ಲ. ಹುಟ್ಟಿದಾಗಿಂದ ತಿಂದೀನಿ. ಆದ್ರ ಗಿರಾಕಿ ಮೊಬೈಲ್ ತೆಗದು ತೋರಸ್ತಾರ. ‘ನಿಮ್ಮ ಸರ್ ಹೇಳ್ಯಾರ ನೋಡ್ರಿ’ ಅಂತಾರ. ನಾ ಏನು ಜವಾಬ್ ಕೊಡ್ಲಿ? ದೂರದಿಂದ ಬಂದ ಜನ, ಮಕ್ಕಳನ್ನ ಕರ್ಕೊಂಡು ಬಂದಿರ್ತಾರ.”

“ಹೋದ ವರ್ಷದ ಹಣ್ಣು, ಈ ವರ್ಷದ ಹಣ್ಣು ಎರಡೂ ಒಂದೇ ಅಲ್ಲೇನಪ್ಪ?”

“ಹಣ್ಣು ಒಂದೇ ಅಕ್ಕಾ. ಜಮಾನಾ ಬ್ಯಾರೆ.” ನೀರಿನ ತಂಬಿಗೆ ಕೆಳಗಿಟ್ಟು, “ಸರ್ ಒಮ್ಮಿ ‘ಇಲ್ಲ’ ಅಂತ ಹೇಳಿಬಿಟ್ರ ಖಲಾಸ್” ಎಂದ.

ಅಷ್ಟೇ ತಾನೇ ಎಂದುಕೊಂಡು ಮನೆಗೆ ಬಂದು ಹೇಳಿದೆ. ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು. “ಹ್ಯಾಂಗ ಇಲ್ಲ ಅನ್ಲಿ? ಇರೂದಂತೂ ಖರೇ. ಪೊಟ್ಯಾಸಿಯಂ ಇರೋ ಎಲ್ಲಾದ್ರಾಗೂ ಅದ. ಅಪಾಯ ಇಲ್ಲ ಅಂತ ಬೇಕಾದ್ರ ನೂರ ಸಲ ಹೇಳ್ತೇನಿ.” ಅಪಾಯ ಇಲ್ಲ ಎಂಬ ಮಾತು ಯಾರಿಗೂ ಬೇಕಿರಲಿಲ್ಲ. ಸಿಮೆಂಟಿನ ಗೋಡೆಗೆ ಹಣೆ ಚಚ್ಚಿಕೊಂಡಂತೆ ಆಯಿತು ನನಗೆ. ತೋಟದಲ್ಲಿ ಗೊನೆಗಳು ಹಣ್ಣಾಗಿ ಉದುರಲು ಶುರುವಾಗಿದ್ದವು. ತಮ್ಮನ ಹೆಂಡತಿ ನಮ್ಮ ಮನೆಗೆ ಎಂದಿನಂತೆ ಶೇಂಗಾ ಹಿಂಡಿ, ಕಡಕ್ ರೊಟ್ಟಿ ಕಟ್ಟಿ ಕಳಿಸಿದಳು. ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಇದರ ನಡುವೆಯೇ ತಮ್ಮನ ಮಗಳ ಕುಬಸ ಬಂತು. ಅವಳನ್ನು ಕೊಟ್ಟದ್ದು ಇಲ್ಲೇ ಕಲಬುರಗಿಯ ಶಹಾಬಜಾರಕ್ಕೆ, ಹಳೆಯ ಮನೆತನ. ಚೊಚ್ಚಲು ಬಸಿರಿಗೆ ತವರಿನವರು ಹಸಿರು ಸೀರೆ, ಹಸಿರು ಬಳೆ, ಬುತ್ತಿ ತೆಗೆದುಕೊಂಡು ಹೋಗಿ ಉಡಿ ತುಂಬಬೇಕು. ಕಮಲಾಪುರದ ಹೆಣ್ಣುಮಕ್ಕಳ ಉಡಿಯಲ್ಲಿ ಅಕ್ಕಿ, ಖಣ, ಕೊಬ್ಬರಿ, ಉತ್ತತ್ತಿಯ ಜೊತೆಗೆ ತವರಿನ ತೋಟದ ಕೆಂಪು ಬಾಳೆಹಣ್ಣು ಬೀಳಲೇಬೇಕು. ನನ್ನ ಉಡಿಗೂ ಬಿದ್ದಿದ್ದವು, ನನ್ನ ಅವ್ವನ ಉಡಿಗೂ ಬಿದ್ದಿದ್ದವು. ತಮ್ಮ ಅದಕ್ಕೆಂದೇ ಒಂದು ಗೊನೆಯನ್ನು ತಿಂಗಳುಗಟ್ಟಲೆ ಗೋಣಿ ಸುತ್ತಿ ಕಾಯ್ದಿದ್ದ.

ಎರಡು ದಿನ ಮೊದಲು ಹುಡುಗಿಯ ಅತ್ತೆ ನನಗೆ ಫೋನು ಮಾಡಿದರು. ಕೆಟ್ಟವರಲ್ಲ. ಮಾತು ಮೆತ್ತಗೆ, ನಿರ್ಧಾರ ಗಟ್ಟಿ. “ಎಲ್ಲಾ ನಿಮ್ಮ ಪದ್ಧತಿ ಪ್ರಕಾರನೇ ತರ್ರಿ. ಕೆಂಪು ಬಾಳಿಹಣ್ಣು ಮಾತ್ರ ಬ್ಯಾಡ್ರಿ. ಹೊಟ್ಟ್ಯಾಗ ಕೂಸು ಅದ. ಹಳದಿ ಹಣ್ಣು ತಂದ್ರ ನಡೀತದ.”

ಫೋನು ಸ್ಪೀಕರಿನಲ್ಲಿತ್ತು. ಒಳಕೋಣೆಯಿಂದ ಯಜಮಾನರ ದನಿ ಬಂತು: “ಹಳದಿ ಹಣ್ಣಿನ್ಯಾಗೂ ಅದ!”

ಫೋನು ಕಟ್ ಆಯಿತು. ಆ ಕ್ಷಣ ನನಗೆ ಬಂದ ಸಿಟ್ಟನ್ನು ಬರೆದರೆ ಕಾಗದ ಸುಟ್ಟೀತು. ಇಡೀ ದಿನ ಅವರ ಜೊತೆ ಮಾತು ಬಿಟ್ಟೆ. ಅವರಿಗೆ ಅದು ಸಂಜೆಯವರೆಗೆ ಗೊತ್ತೇ ಆಗಲಿಲ್ಲ.

ತಮ್ಮನಿಗೆ ಈ ಸುದ್ದಿಯನ್ನು ನಾನೇ ಮುಟ್ಟಿಸಬೇಕಾಯಿತು. ಅವನು, “ಅಕ್ಕ, ನನ್ನ ಮಗಳ ಉಡಿಗೇ ಬ್ಯಾಡಂದ್ರ, ಮತ್ತ ಯಾರ ಮನಿಗಿ ಮಾರ್ಲಿ?” ಎಂದ. ಅವನು ಅಂದದ್ದು ಸರಿಯಾಗಿತ್ತು. ಬೀಗರು ನಾಲ್ಕು ಜನರೆದುರು ಹಣ್ಣು ಹಿಂದಿರುಗಿಸಿದರೆ ಶಹಾಬಜಾರದಿಂದ ರೋಜಾಕ್ಕೆ ಸುದ್ದಿ ಮುಟ್ಟುವುದು ಎಷ್ಟು ಹೊತ್ತಿನ ಕೆಲಸ? ಆ ಮೇಲೆ ತೋಟ ಉಳಿದರೂ ಉಳಿದಂತಲ್ಲ. “ನಾ ಮಾತ್ರ ಗೊನಿ ತರಾಂವನೇ” ಎಂದು ಫೋನಿಟ್ಟ.

ಕುಬಸದ ದಿನ ಶಹಾಬಜಾರದ ಆ ಸಂದಿಯಲ್ಲಿ ಆಟೋ ಒಳಗೆ ಹೋಗದೆ ನಾವು ಇಳಿದು ನಡೆದೆವು. ತಮ್ಮ ಹೆಗಲ ಮೇಲೆ ಗೊನೆ ಹೊತ್ತು ಹಿಂದೆ ಬರುತ್ತಿದ್ದ. ಪಡಸಾಲೆಯಲ್ಲಿ ಹುಡುಗಿ ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕುಳಿತಿದ್ದಳು, ಸುತ್ತ ಮುತ್ತೈದೆಯರು. ತಮ್ಮ ಹೊಸ್ತಿಲ ಹತ್ತಿರ ಬಂದ ಕೂಡಲೇ ಎಲ್ಲರ ಕಣ್ಣು ಗೊನೆಯ ಮೇಲೆ ಬಿತ್ತು. ಅವನು ಒಳಗೆ ಬರಲಿಲ್ಲ, ಗೊನೆ ಇಳಿಸಲೂ ಇಲ್ಲ. ಹುಡುಗಿ ತಲೆ ತಗ್ಗಿಸಿ ಬಳೆ ತಿರುಗಿಸತೊಡಗಿದಳು.

ಯಜಮಾನರಿಗೆ ಇದನ್ನೆಲ್ಲ ಸರಿ ಮಾಡಬೇಕೆಂಬ ಆಸೆ ನಿಜವಾಗಿ ಇತ್ತು. ಗಂಟಲು ಸರಿಮಾಡಿಕೊಂಡು ಪಾಠ ಶುರು ಮಾಡಿದರು. “ಅಂಜೂದು ಏನೂ ಇಲ್ರಿ. ಇದು ಎಲ್ಲಾ ಕಡಿ ಇರ್ತದ. ಆಲೂಗಡ್ಡಿಯಾಗ ಅದ, ಬ್ಯಾಳಿಯಾಗ ಅದ, ಈ ಕಲ್ಲಿನ ಗ್ವಾಡಿಯಾಗ ಅದ. ನಮ್ಮ ನಿಮ್ಮ ಮೈಯಾಗೂ ಅದ.”

ಮುತ್ತೈದೆಯರಲ್ಲಿ ಒಬ್ಬಾಕೆ ಸರಕ್ಕನೆ ಹುಡುಗಿಯ ಹೊಟ್ಟೆಯ ಕಡೆ ನೋಡಿದಳು. “ಮೈಯಾಗ ಅದ ಅಂದ್ರ, ಕೂಸಿನ ಮೈಯಾಗೂ...?”

“ಹೌದು, ಕೂಸಿನ ಮೈಯಾಗೂ ಅದ. ಆದ್ರ...”

ಉಳಿದದ್ದು ಯಾರಿಗೂ ಕೇಳಿಸಲಿಲ್ಲ. ಒಬ್ಬಾಕೆ ಶಿವಶಿವಾ ಎಂದಳು. ಇನ್ನೊಬ್ಬಾಕೆ ಆರತಿ ತಟ್ಟೆಯನ್ನು ಕೆಳಗಿಟ್ಟಳು. ನಾನು ಅವರ ಅಂಗಿಯ ತೋಳು ಹಿಡಿದು ಎಳೆದೆ. ನೆಲ ಬಾಯಿ ಬಿಟ್ಟರೆ ಇಬ್ಬರನ್ನೂ ಒಟ್ಟಿಗೇ ನುಂಗಲಿ ಎನಿಸಿತ್ತು.

ಹುಡುಗಿಯ ಅತ್ತೆ ಎದ್ದು ಬಂದು ಯಜಮಾನರ ಎದುರು ನಿಂತರು. ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಕೈ ಜೋಡಿಸಿ ಕೇಳಿದರು. “ಬೀಗರ, ನನಗ ಓದು ಬರೂದಿಲ್ಲ. ನಿಮ್ಮ ಪಾಠ ನನಗ ತಿಳಿಯೂದಿಲ್ಲ. ಒಂದೇ ಮಾತು ಹೇಳ್ರಿ, ನೀವು ಹೇಳಿದಂಗ ಕೇಳ್ತೇನಿ. ಈ ಹಣ್ಣಿನ್ಯಾಗ ಆ ರೇಡಿಯೇಷನ್ ಅದನೋ, ಇಲ್ಲೋ?”

ಅಪಾಯ ಅದನೋ ಇಲ್ಲೋ ಎಂದು ಆಕೆ ಕೇಳಿದ್ದರೆ ಏನು ಗಂಟು ಹೋಗುತ್ತಿತ್ತು? ಕೇಳಲಿಲ್ಲ. ನೆಟ್ಟಗೆ ಆ ಒಂದು ಪ್ರಶ್ನೆಯನ್ನೇ ಕೇಳಿದರು. ಯಜಮಾನರು ಹೊಸ್ತಿಲ ಕಡೆ ನೋಡಿದರು. ತಮ್ಮ ಗೊನೆ ಹೊತ್ತೇ ನಿಂತಿದ್ದ, ಬೆವರು ಕಿವಿಯ ಪಕ್ಕದಿಂದ ಇಳಿಯುತ್ತಿತ್ತು. ಹುಡುಗಿಯ ಕಣ್ಣು ತುಂಬಿತ್ತು. ಹೇಳಬಾರದೇ, ಒಂದು ಸಲ ಹೇಳಿಬಿಡಬಾರದೇ ಎಂದು ಮನಸ್ಸಿನಲ್ಲೇ ಅವರನ್ನು ಬೇಡಿಕೊಂಡೆ.

“ಇಲ್ರಿ” ಎಂದರು.

ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ, “ಇಲ್ಲ” ಎಂದರು.

ಮನೆಗೆ ಜೀವ ಬಂತು. ಅತ್ತೆಯೇ ಹೋಗಿ ತಮ್ಮನ ಹೆಗಲಿನಿಂದ ಗೊನೆ ಇಳಿಸಿಕೊಂಡರು. ಐದು ಜನ ಮುತ್ತೈದೆಯರು ಉಡಿ ತುಂಬಿದರು, ಕೆಂಪು ಹಣ್ಣು ಎಲ್ಲಕ್ಕಿಂತ ಮೇಲೆ ಬಿತ್ತು. ಒಬ್ಬಾಕೆ, “ಸರ್ ಅವರೇ ಇಲ್ಲ ಅಂದ್ರು, ಮೊದಲಿನ ಆ ವಿಡಿಯೋ ಖೊಟ್ಟಿ” ಎಂದು ಅಲ್ಲೇ ಕುಳಿತು ಮೊಬೈಲಿನ ಗುಂಪಿಗೆಲ್ಲ ಹೇಳಿ ಕಳಿಸಿದಳು. ಆ ಸಂಜೆಯೇ ರೋಜಾದ ವ್ಯಾಪಾರಿ ತಮ್ಮನಿಗೆ ಫೋನು ಮಾಡಿದ. ಉಳಿದಿದ್ದ ಗೊನೆಗಳೆಲ್ಲ ಉರುಸಿಗೆ ಹೋದವು. ತಮ್ಮ ನಮ್ಮ ಮನೆಗೆ ಬಂದು ಯಜಮಾನರ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದ.

ನನಗೆ ಖುಷಿಯಾಗಬೇಕಿತ್ತು. ಆಯಿತು ಕೂಡ, ಎರಡು ದಿನ. ಮೂರನೆಯ ದಿನ ಬೆಳಿಗ್ಗೆ ಅಡುಗೆಮನೆಯಿಂದ ಫ್ರಿಜ್ಜಿನಲ್ಲಿ ಹಾಲು ಇದೆಯೇ ಎಂದು ಕೂಗಿದೆ. “ಅದ” ಎಂದರು. ಸೌಟು ಹಿಡಿದು ಮುಂದಿನ ಮಾತಿಗೆ ಕಾದೆ. ಬರಲಿಲ್ಲ. ಕಾಸಿದೆ, ಒಡೆಯಿತು. ಪೇಪರನ್ನು ಗಟ್ಟಿಯಾಗಿ ಓದುವುದೂ ನಿಂತಿತು. ಅಷ್ಟು ವರ್ಷ ಬಾಯಿ ಮುಚ್ಚಿರಿ ಎಂದು ಬೇಡಿಕೊಂಡವಳು ನಾನು, ಈಗ ಮುಚ್ಚಿದ್ದಕ್ಕೂ ಸಿಟ್ಟು. “ಏನಾಗ್ಯಾದರೀ ನಿಮಗ?” ಎಂದು ಕೇಳಿದರೆ, “ಏನೂ ಇಲ್ಲ” ಎಂದರು. ಇಲ್ಲ ಎನ್ನುವುದು ರೂಢಿಯಾದ ಹಾಗೆ ಕಂಡಿತು.

ಬೇಸಿಗೆ ಕಳೆದ ಮೇಲೆ ಕಮಲಾಪುರದಲ್ಲಿ ಕೊನೆಗೂ ಅಧಿಕಾರಿಗಳ ಸಭೆ ನಡೆಯಿತು. ದೊಡ್ಡ ಶಾಮಿಯಾನ, ಕೂಲರು, ನೀರಿನ ಬಾಟಲಿ. ಮೇಜಿನ ಮೇಲೆ ತಟ್ಟೆಯಲ್ಲಿ ಸೇಬು ಇಟ್ಟಿದ್ದರು. ಬಾಳೆಹಣ್ಣು ಇಡಬಾರದೆಂದು ಯಾರು ಹೇಳಿದರೋ! ಈ ಸಲ ಊರ ಅಳಿಯನನ್ನು ಮೇಲೆ ಕರೆಯಲಿಲ್ಲ. ನಾವು ಮೂವರೂ ಕೆಳಗೆ, ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕುಳಿತೆವು, ನಡುವೆ ಯಜಮಾನರು, ಆ ಕಡೆ ತಮ್ಮ.

ಹಿರಿಯ ಅಧಿಕಾರಿಯೊಬ್ಬರು ಚೆನ್ನಾಗಿ ಮಾತಾಡಿದರು. ವಿದ್ಯುತ್ತು, ಅಭಿವೃದ್ಧಿ, ರಸ್ತೆ, ಶಾಲೆ. ಜಾಗ ಇನ್ನೂ ಅಂತಿಮವಾಗಿಲ್ಲ, ಆದರೆ ಊರಿನವರ ಒಪ್ಪಿಗೆ ಇದೆಯೆಂದು ಬರೆದು ಕಳಿಸಿದರೆ ಒಳ್ಳೆಯದು ಎಂದರು. “ಅಪಾಯದ ಬಗ್ಗೆ ಯಾರ್‍ಯಾರೋ ಏನೇನೋ ಹೇಳಿ ನಿಮ್ಮನ್ನು ಹೆದರಿಸಿರಬಹುದು. ನಾನು ಹೇಳುತ್ತೇನೆ ಕೇಳಿ. ಅಪಾಯ ಇಲ್ಲ. ಏನೇನೂ ಇಲ್ಲ.”

ನನ್ನ ತಮ್ಮ ಎದ್ದು ನಿಂತ. ಅವನು ಸಭೆಯಲ್ಲಿ ಎದ್ದು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. “ಸಾಹೇಬ್ರ, ನೀರು ಎಷ್ಟು ಬೇಕಾಗ್ತದ? ಬಳಸಿದ ಮ್ಯಾಲಿನ ಕಸ ಎಲ್ಲಿ ಇಡ್ತೀರಿ?”

“ಅದೆಲ್ಲ ತಜ್ಞರು ನೋಡಿಕೊಳ್ಳುತ್ತಾರೆ. ನೀವು ಚಿಂತೆ ಮಾಡಬೇಡಿ, ಕೂತ್ಕೊಳ್ಳಿ” ಎಂದು ಅಧಿಕಾರಿ ನಕ್ಕರು. ತಮ್ಮ ಕುಳಿತ.

ಆಗ ಯಜಮಾನರು ಎದ್ದರು. ಎಷ್ಟೋ ವಾರಗಳ ಮೇಲೆ ಅವರ ಮುಖದಲ್ಲಿ ಹಳೆಯ ಕಳೆ ಕಂಡು ನನಗೆ ಜೀವ ಬಂದಂತಾಯಿತು. “ನೋಡ್ರಿ, ಅಪಾಯ ಅದ, ಆದ್ರ ಎಷ್ಟು...” ಎನ್ನುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೂಗಿದ. ಅಂದು ನಮ್ಮ ಮನೆಗೆ ಕರೆಯಲು ಬಂದಿದ್ದವರಲ್ಲೇ ಒಬ್ಬ. “ಸರ್, ನೀವು ಮೊದಲು ಅದ ಅಂದ್ರಿ. ಆಮ್ಯಾಲ ಇಲ್ಲ ಅಂದ್ರಿ. ಈಗ ಮತ್ತ ಅದ ಅಂತೀರೇನು?”

ಜನ ನಕ್ಕರು. ಕಮಲಾಪುರದಲ್ಲಿ ಅಳಿಯನ ಮಾತಿಗೆ ಜನ ನಕ್ಕದ್ದು ನನ್ನ ತಿಳುವಳಿಕೆಯಲ್ಲಿ ಅದೇ ಮೊದಲು. ವೇದಿಕೆಯ ಮೇಲಿನವರೂ ನಕ್ಕರು. ನಾನು ಎದ್ದು ಎಲ್ಲರನ್ನೂ ತರಾಟೆಗೆ ತೆಗೆದುಕೊಳ್ಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಏನೆಂದು ಹೇಳುವುದು? ಎರಡನೆಯ ಸಲ ಹೇಳಿದ್ದು ಸುಳ್ಳು ಎನ್ನಲೇ? ನನ್ನ ತಮ್ಮನ ತೋಟದಲ್ಲಿ ಆಮೇಲೆ ಬಲಿತ ಗೊನೆಗಳು ರೋಜಾದ ಅಂಗಡಿಯಲ್ಲಿ ಅಂದೂ ತೂಗುತ್ತಿದ್ದವು. ಹುಡುಗಿ ಬಾಣಂತಿಯಾಗಿ ತವರಿನಲ್ಲಿ ಮಲಗಿದ್ದಳು. ಯಜಮಾನರು ನಿಂತ ಹಾಗೇ ಮೆಲ್ಲನೆ ಕುಳಿತುಕೊಂಡರು.

“ಒಪ್ಪಿಗೆ ಇರುವವರು ಕೈ ಎತ್ತಿ” ಎಂದು ಮೈಕಿನಲ್ಲಿ ಹೇಳಿದರು. ನಮ್ಮ ಮುಂದಿನ ಸಾಲುಗಳಲ್ಲಿ ಒಂದೊಂದಾಗಿ ಕೈಗಳು ಏಳತೊಡಗಿದವು.

ತಮ್ಮ ಎರಡೂ ಕೈಗಳನ್ನು ಮೊಣಕಾಲಿನ ಮೇಲೆ ಊರಿ ಯಜಮಾನರ ಕಡೆ ಬಾಗಿದ. ದನಿ ನನಗೆ ಕೇಳುವಷ್ಟೇ ಇತ್ತು. “ಮಾವಾರ, ಆ ದಿನ ಶಹಾಬಜಾರದಾಗ ನೀವು ನನ್ನ ಸಲುವಾಗಿ ಇಲ್ಲ ಅಂದ್ರಿ. ನನಗ ಗೊತ್ತದ. ಇವರು ಯಾರ ಸಲುವಾಗಿ ಇಲ್ಲ ಅನ್ನಾಕತ್ತಾರ?”

ಯಜಮಾನರು ಅವನ ಮುಖ ನೋಡಿದರು, ಆಮೇಲೆ ವೇದಿಕೆಯ ಕಡೆ ನೋಡಿದರು.

“ಗೊತ್ತಿಲ್ಲ” ಎಂದರು.

ಮುಂದೆ ‘ಆದ್ರ’ ಬರುತ್ತದೆ ಎಂದು ನಾನು ಕಾದೆ. ತಮ್ಮನೂ ಕಾದ. ಮೈಕಿನಲ್ಲಿ ಕೈ ಎಣಿಸುತ್ತಿದ್ದರು. ತಮ್ಮನ ಕೈ ಮೊಣಕಾಲಿನ ಮೇಲೆಯೇ ಇತ್ತು.